‘ಹೇಗಾಯಿತು’ ಎಂಬ ಕಾಲಂ

ಮಾರ್ಚ್ ೪, ಸೋಮವಾರ

ಅಕ್ಕನಿಗೆ ವಾರಕ್ಕೊಂದು ಕಾಗದ ಬರೆದು ಅಭ್ಯಾಸವಾದ ಕೈ. ಅವಳು ತೀರಿಹೋಗಿ ಎಂಟು ತಿಂಗಳಾಯಿತು, ಕೈಗೆ ಅದಿನ್ನೂ ತಿಳಿದಂತಿಲ್ಲ. ಅದಕ್ಕೇ ಈ ನೋಟುಪುಸ್ತಕ. ಯಾರೂ ಓದಬೇಕಾಗಿಲ್ಲ, ಕಾಗುಣಿತ ತಪ್ಪಿದರೆ ನಗುವವರೂ ಇಲ್ಲ.

ಇವತ್ತು ಮುರಿದ ಎಲುಬಿಗೆ ಹದಿನಾಲ್ಕು ಕಟ್ಟು. ಒಂಬತ್ತು ದೊಡ್ಡವರದು, ಐದು ಮಕ್ಕಳದು. ಬೆನ್ನು ಹಲಗೆಯಾಗಿದೆ. ನಿವೃತ್ತಿಗೆ ಇನ್ನು ಮೂರು ತಿಂಗಳು. ಮೂವತ್ತೊಂದು ವರ್ಷದಿಂದ ಆಸ್ಪತ್ರೆಯ ಅದೇ ಕಟ್ಟಿನ ಕೋಣೆ, ಅದೇ ಬೆಚ್ಚನೆ ನೀರಿನ ಬೋಗುಣಿ, ಅದೇ ಪ್ಲಾಸ್ಟರಿನ ಪಟ್ಟಿ. ಯಾರೂ ಕೂರಿಸಿ ಕಲಿಸಿದ ವಿದ್ಯೆಯಲ್ಲ. ನೆಲ ಒರೆಸಲು ಸೇರಿದವನು, ಹಿಂದಿನ ಕಟ್ಟಿನವರ ಮಗ್ಗುಲಲ್ಲಿ ನಿಂತು ನೋಡಿ ಕಲಿತೆ. ಬರೆಯುವುದನ್ನೂ ಅಲ್ಲೇ ಕಲಿತೆ, ಅವರ ಪುಸ್ತಕದ ಅಕ್ಷರಗಳ ಮೇಲೆ ಬೆರಳಾಡಿಸಿ. ಈಗ ಡಾಕ್ಟರುಗಳೇ ‘ನಿಮ್ಮಷ್ಟು ದುಂಡಗೆ ಬರೆಯೋಕೆ ನಮಗೆ ಬರಲ್ಲ’ ಅನ್ನುತ್ತಾರೆ. ಕೇಳಿಸದವನ ಹಾಗೆ ಇರುತ್ತೇನೆ, ಆದರೆ ಕೇಳಿಸುತ್ತದೆ.

ಮಗುವಿಗೆ ಕಟ್ಟು ಹಾಕುವಾಗ ಬಾಯಿ ಕೈಗಿಂತ ಮುಂದೆ ಓಡಬೇಕು. ಅದೇ ನನ್ನ ಗುಟ್ಟು. ‘ಏನಪ್ಪಾ, ಮೆಟ್ಟಿಲು ಕಾಲು ಚಾಚಿತಾ? ಸೈಕಲ್ಲಿಗೆ ಜಂಬ ಬಂದು ಕೊಡವಿ ಹಾಕಿತಾ?’ ಅಂತ ಶುರು ಮಾಡಿದರೆ ಮಗು ಕಣ್ಣು ಒರೆಸಿಕೊಂಡು ಹೂಂ ಅನ್ನುತ್ತದೆ. ನಗುವಷ್ಟರಲ್ಲಿ ಕಟ್ಟು ಮುಗಿದಿರುತ್ತದೆ. ಆಮೇಲೆ ಪುಸ್ತಕದಲ್ಲಿ ಬರೆಯುತ್ತೇನೆ: ಹೆಸರು, ವಯಸ್ಸು, ಯಾವ ಎಲುಬು, ಹೇಗಾಯಿತು. ಕಟ್ಟಜ್ಜ ಅಂತ ಮಕ್ಕಳೇ ಇಟ್ಟ ಹೆಸರು ನನಗೆ.

ಇವತ್ತು ಎಣಿಕೆ ಮರಿ ಮತ್ತೆ ಬಂದಿದ್ದಳು. ಆರು ವರ್ಷದವಳು. ಜನವರಿಯಲ್ಲಿ ಮಣಿಕಟ್ಟು ಮುರಿದುಕೊಂಡು ಬಂದಾಗ, ನಾನು ಪಟ್ಟಿ ಸುತ್ತಿದ್ದನ್ನೆಲ್ಲ ತುಟಿಯಲ್ಲೇ ಎಣಿಸಿದ್ದಳು, ‘ಹನ್ನೊಂದು, ಹನ್ನೆರಡು’ ಅಂತ. ಅದಕ್ಕೇ ಆ ಹೆಸರಿಟ್ಟೆ. ಈ ಸಲ ಅದೇ ಕೈಯ ತೋಳು. ತಾಯಿ ಬಟ್ಟೆ ಒಗೆಯುವ ಕಾರ್ಖಾನೆಯಲ್ಲಿ ಎರಡು ಪಾಳಿ ದುಡಿಯುವವಳು, ಸೋಪಿನ ನೀರಿಗೆ ಬೆರಳ ತುದಿಯೆಲ್ಲ ಬಿಳುಚಿಕೊಂಡಿತ್ತು. ಗಂಡ ಲಾರಿ ಮೇಲೆ, ತಿಂಗಳಿಗೊಮ್ಮೆ ಬಂದರೆ ಬಂದ. ‘ಮೆಟ್ಟಿಲಿಂದ ಬಿದ್ಲು’ ಅಂದಳು.

‘ಮೆಟ್ಟಿಲಿಗೂ ನಿನಗೂ ಏನೇ ಜಗಳ?’ ಅಂದೆ. ಮರಿ ನಗಲಿಲ್ಲ. ಎಣಿಸುತ್ತಿದ್ದಳು.

ಕಟ್ಟು ಒಣಗುವ ಹೊತ್ತಿಗೆ ಎಲುಬಿನ ಡಾಕ್ಟ್ರಮ್ಮ ಎಕ್ಸ್‌ರೇ ಹಿಡಿದುಕೊಂಡು ಬಂದು, ಮಗುವನ್ನು ವಾರ್ಡಿಗೆ ಸೇರಿಸಿ ಅಂದರು. ತೋಳಿನ ಕಟ್ಟಿಗೆ ವಾರ್ಡಾ? ವಯಸ್ಸು ಚಿಕ್ಕದು, ಎಲ್ಲದರಲ್ಲೂ ಏನೋ ಕಾಣುತ್ತದೆ. ತಾಯಿ ಪಾಪ, ಎರಡನೇ ಪಾಳಿ ತಪ್ಪಿತು ಅಂತ ಬಾಗಿಲ ಬಳಿ ನಿಂತೇ ಇದ್ದಳು.

ಮಾರ್ಚ್ ೫, ಮಂಗಳವಾರ

ಡಾಕ್ಟ್ರಮ್ಮ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, ‘ನೀವೇ ನೋಡಿ’ ಅಂದರು. ನೋಡಿದೆ. ಬಿದ್ದ ಎಲುಬು ಅಡ್ಡಕ್ಕೆ ಮುರಿಯುತ್ತದೆ ಇಲ್ಲವೇ ಹಸಿ ಕಡ್ಡಿಯಂತೆ ಬಾಗುತ್ತದೆ. ಇದು ಒದ್ದೆ ಬಟ್ಟೆ ಹಿಂಡಿದಂತೆ ಸುತ್ತಿಕೊಂಡು ಸೀಳಿತ್ತು. ಕೆಳಗೆ ಮುಂಗೈಯಲ್ಲಿ ಇನ್ನೊಂದು ಹಳೆಯ ಗೆರೆ, ಯಾರೂ ಕಟ್ಟು ಹಾಕದೆ ತಾನೇ ಕೂಡಿಕೊಂಡದ್ದು.

‘ಯಾರೋ ತಿರುಚಿದ್ದಾರೆ’ ಅಂದರು ಡಾಕ್ಟ್ರಮ್ಮ.

ನನಗೂ ಹಾಗೇ ಕಂಡಿತ್ತು, ನಿನ್ನೆ ಆ ತೋಳು ಹಿಡಿದಾಗಲೇ. ಸುಮ್ಮನಿದ್ದೆ.

ಮಕ್ಕಳ ರಕ್ಷಣೆ ಕಚೇರಿಗೆ ತಿಳಿಸಿದ್ದಾರಂತೆ. ಮುಂದಿನ ವಾರ ಗುರುವಾರ ಸಮಿತಿ ಕೂರುತ್ತದೆ. ಮಗು ಮನೆಗೆ ಹೋಗಬೇಕೋ ಬೇಡವೋ ಅಂತ ಅವರು ಹೇಳುವವರೆಗೆ ವಾರ್ಡಿನಲ್ಲೇ. ಆಸ್ಪತ್ರೆಯ ದೊಡ್ಡ ಸಾಹೇಬರಿಗೆ ಇದು ಸರಿ ಬಂದಿಲ್ಲ. ನನ್ನ ಪುಸ್ತಕ ತರಿಸಿ, ಜನವರಿಯ ಪುಟ ತೆಗೆದು, ಡಾಕ್ಟ್ರಮ್ಮನ ಮುಂದೆ ತಟ್ಟಿದರು. ‘ನೋಡಮ್ಮ, ಮಗುನೇ ಹೇಳಿದೆ, ಉಯ್ಯಾಲೆಯಿಂದ ಬಿದ್ದೆ ಅಂತ. ತಾಯಿ ಹೇಳಿದ್ದಲ್ಲ. ನಮ್ಮ ಯಜಮಾನ್ರು ಮೂವತ್ತು ವರ್ಷದಿಂದ ಬರೀತಿರೋರು. ಇವರ ಪುಸ್ತಕ ಅಂದ್ರೆ ಪುಸ್ತಕ. ತುಂಟ ಮಗು, ಬೀಳುತ್ತೆ ಅಷ್ಟೇ.’

ನನ್ನ ದುಂಡಕ್ಷರ ಚೆನ್ನಾಗೇ ಕಾಣುತ್ತಿತ್ತು.

ಮಾರ್ಚ್ ೭, ಗುರುವಾರ

ಮಕ್ಕಳ ಕಚೇರಿಯಾಕೆ ಬಂದಿದ್ದಳು. ಎತ್ತರದ ಹೆಂಗಸು, ಚಪ್ಪಲಿಯ ಪಟ್ಟಿಗೆ ಪಿನ್ನು ಚುಚ್ಚಿಕೊಂಡಿದ್ದಳು. ಅವಳ ಕೈಯಲ್ಲಿ ಇಂಥ ಮಕ್ಕಳು ನಲವತ್ತು ಜನರಂತೆ. ‘ನಿದ್ದೆ ಯಾವಾಗ ಮಾಡ್ತೀರಮ್ಮ?’ ಅಂದೆ. ‘ಬಸ್ಸಲ್ಲಿ’ ಅಂದಳು.

ಮರಿಯ ಜೊತೆ ಅರ್ಧ ಗಂಟೆ ಕೂತು, ಅದು ಹೇಳಿದ್ದನ್ನು ಹೇಳಿದ ಹಾಗೇ ಬರೆದುಕೊಂಡು, ಪುಸ್ತಕಕ್ಕೆ ತಾಳೆ ನೋಡಲು ನನ್ನ ಕೋಣೆಗೆ ಬಂದಳು. ಜನವರಿಯ ಮಣಿಕಟ್ಟಿನ ಬಗ್ಗೆ ಮರಿ ಅಂದದ್ದನ್ನು ಓದಿ ಹೇಳಿದಳು: ‘ಉಯ್ಯಾಲೆ ಮುನಿಸ್ಕೊಂಡಿತ್ತು. ಬೆಳಿಗ್ಗೆಯಿಂದ ಯಾರೂ ಮಾತಾಡಿಸಿಲ್ಲ ಅಂತ ನನ್ನನ್ನ ಎತ್ತಿ ಹಾಕಿತು.’ ಓದಿ ನಕ್ಕಳು. ‘ಎಷ್ಟು ಚೆಂದ ಹೇಳುತ್ತೆ ನೋಡಿ. ಇಷ್ಟು ವಿವರವಾಗಿ ಹೇಳೋ ಮಗು ಸುಳ್ಳು ಹೇಳ್ತಿದೆ ಅಂತ ನಾನು ಹ್ಯಾಗೆ ಬರೀಲಿ?’

ಬೋಗುಣಿಯ ನೀರು ಬದಲಿಸಬೇಕಿತ್ತು. ತೆಗೆದುಕೊಂಡು ಹೋಗಿ ಚೆಲ್ಲಿ ಬಂದೆ.

ಮುನಿಸಿಕೊಂಡ ಉಯ್ಯಾಲೆ ನನ್ನದು. ಎಷ್ಟೋ ವರ್ಷದಿಂದ ಎಷ್ಟೋ ಮಕ್ಕಳಿಗೆ ಹೇಳಿದ ಕಥೆ. ‘ಬೆಳಿಗ್ಗೆಯಿಂದ ಯಾರೂ ಮಾತಾಡಿಸಿಲ್ಲ’ ಅನ್ನುವುದು ಕೂಡ ನನ್ನ ಮಾತೇ, ಒಂದಕ್ಷರ ಬದಲಾಗಿಲ್ಲ.

ಅವಳು ಹೋಗುವವರೆಗೆ ನಾನು ಅದನ್ನು ಹೇಳಲಿಲ್ಲ. ಸಂಜೆ ಮಗಳು ‘ಯಾಕಪ್ಪಾ ಮುಖ ಹೀಗೆ’ ಅಂದದ್ದಕ್ಕೆ, ‘ನಿನ್ನ ಅಂಚೆ ಕಚೇರಿಯಲ್ಲಿ ಕೂತು ಮಾಡೋ ಕೆಲಸ, ನಂದು ನಿಂತು ಮಾಡೋದು’ ಅಂತ ಹಾರಿಬಿದ್ದೆ. ಅವಳು ತಟ್ಟೆ ತೆಗೆದುಕೊಂಡು ಒಳಗೆ ಹೋದಳು.

ಮಾರ್ಚ್ ೮, ಶುಕ್ರವಾರ

ಹನ್ನೊಂದು ಕಟ್ಟು. ಇವತ್ತೂ ಹೇಳಲಿಲ್ಲ.

ಮಾರ್ಚ್ ೯, ಶನಿವಾರ

ಮಧ್ಯಾಹ್ನ ವಾರ್ಡಿಗೆ ಹೋದೆ. ಕಟ್ಟು ಬಿಗಿಯಾಯಿತೇ, ಬೆರಳು ಊದಿದೆಯೇ ಅಂತ ನೋಡುವುದು ನನ್ನದೇ ಕೆಲಸ. ಮರಿ ಕಿಟಕಿಯ ಕಡೆಯ ಮಂಚದಲ್ಲಿ ಕೂತಿದ್ದಳು. ಬೆರಳು ತಣ್ಣಗಿರಲಿಲ್ಲ, ಬಣ್ಣ ಸರಿಯಿತ್ತು. ಎದ್ದು ಬರಬೇಕಿತ್ತು. ಕಾಲು ಸೋತಿತ್ತು, ಸ್ಟೂಲಿನ ಮೇಲೆ ಕೂತುಬಿಟ್ಟೆ. ಒಂದು ತಮಾಷೆ ಮಾತೂ ನಾಲಗೆಗೆ ಬರಲಿಲ್ಲ. ಹೊರಗೆ ಯಾರೋ ಕಟ್ಟಡಕ್ಕೆ ಬಣ್ಣ ಬಳಿಯುತ್ತಿದ್ದರು, ಇಬ್ಬರೂ ಅದನ್ನೇ ನೋಡುತ್ತ ಕೂತೆವು. ಕಾಲು ಗಂಟೆ ಆಗಿರಬಹುದು.

‘ಅಜ್ಜ’ ಅಂದಳು. ‘ನಮ್ಮನೆ ಹತ್ರ ಉಯ್ಯಾಲೆನೇ ಇಲ್ಲ.’

ನಾನು ತಿರುಗಲಿಲ್ಲ. ತಿರುಗಿದರೆ ನಿಲ್ಲಿಸುತ್ತಾಳೆ ಅನಿಸಿತು.

‘ಮತ್ತೆ ಯಾಕೆ ಹೂಂ ಅಂದೆ?’

‘ನೀವು ಹೇಳಿದ್ರಲ್ಲ.’

ಬಣ್ಣದವನು ಏಣಿ ಜರುಗಿಸಿದ. ಅವಳು ಮತ್ತೆ ಶುರು ಮಾಡಿದಳು, ನಾನು ಕೇಳದೆಯೇ. ‘ಅಮ್ಮಂಗೆ ಸಿಟ್ಟು ಬಂದಾಗ ಎಣಿಸ್ತೀನಿ. ಇಪ್ಪತ್ತಕ್ಕೆಲ್ಲ ಮುಗಿಯುತ್ತೆ. ಒಂದೊಂದ್ಸಲ ಮೂವತ್ತಾಗುತ್ತೆ. ಆಮೇಲೆ ಅಮ್ಮನೇ ಅಳ್ತಾಳೆ. ಆವಾಗ ನಾನು ಎಣಿಸಲ್ಲ.’

‘ನೀವು ಅಮ್ಮಂಗೆ ಹೇಳ್ಬೇಡಿ. ಅಮ್ಮ ಪಾಪ’ ಅಂತಲೂ ಅಂದಳು.

‘ಡಾಕ್ಟ್ರಮ್ಮಂಗೆ ಹೇಳ್ಲಾ?’ ಅಂದೆ. ‘ನೀವೇ ಹೇಳಿ, ನಂಗೆ ಹೇಳೋಕಾಗಲ್ಲ’ ಅಂದಳು. ಆಮೇಲೆ ಹೊಟ್ಟೆ ಹಸಿಯುತ್ತಿದೆ ಅಂದಳು. ಬನ್ನು ತಂದುಕೊಟ್ಟೆ. ಒಂದು ಕೈಯಲ್ಲಿ ಹಿಡಿದು ಪೂರ್ತಿ ತಿಂದಳು.

ಆ ಹುಡುಗಿಯ ಎಣಿಕೆ ಕಂಡು ಮುದ್ದು ಮಾಡಿದ್ದೆ ನಾನು. ಹೆಸರು ಬೇರೆ ಇಟ್ಟಿದ್ದೆ.

ಮಾರ್ಚ್ ೧೧, ಸೋಮವಾರ

ಡಾಕ್ಟ್ರಮ್ಮನಿಗೆ ಹೇಳಿದೆ. ಮಗು ಹೇಳಿದ್ದನ್ನೂ, ಉಯ್ಯಾಲೆಯ ಕಥೆ ನಾನೇ ಕಟ್ಟಿದ್ದನ್ನೂ. ನನ್ನನ್ನು ಬೈಯುತ್ತಾರೆ ಅಂದುಕೊಂಡಿದ್ದೆ. ಕುರ್ಚಿ ಎಳೆದು ಕೂರಿಸಿ, ‘ಸಮಿತಿ ಮುಂದೆ ಹೇಳ್ತೀರಾ?’ ಅಂತಷ್ಟೇ ಕೇಳಿದರು. ಮಕ್ಕಳ ಕಚೇರಿಯಾಕೆಗೆ ಫೋನು ಮಾಡಿ, ಮಗುವಿನ ಜೊತೆ ಇನ್ನೊಮ್ಮೆ ಕೂರಲು ಬನ್ನಿ, ಈ ಸಲ ಉಯ್ಯಾಲೆಯ ಸುದ್ದಿ ಎತ್ತಬೇಡಿ, ಅಂದರು.

ದೊಡ್ಡ ಸಾಹೇಬರಿಗೆ ಹೇಳುವುದು ಅಷ್ಟು ಸುಲಭವಾಗಲಿಲ್ಲ.

‘ಏನ್ರೀ, ತಲೆ ಕೆಟ್ಟಿದೆಯಾ? ನಿವೃತ್ತಿ ದಿನ ನಿಮ್ಮ ಪುಸ್ತಕಗಳನ್ನೆಲ್ಲ ಹೊರಗೆ ಮೇಜಿನ ಮೇಲೆ ಜೋಡಿಸಿ ಎಲ್ಲರಿಗೂ ತೋರಿಸ್ಬೇಕು ಅಂತಿದ್ದೆ ನಾನು. ಈ ಪುಸ್ತಕ ಎಷ್ಟು ಸಲ ಕೋರ್ಟಿಗೆ ಹೋಗಿ ಬಂದಿದೆ ಗೊತ್ತಲ್ಲ? ಇವತ್ತು ಈ ಪುಟ ಸುಳ್ಳು ಅಂದ್ರೆ, ನಾಳೆ ಇನ್ನೊಂದು ಪುಟ ತೆಗೆದು ಇದೇನು ಅಂತಾರೆ. ಆಗ ಏನು ಹೇಳ್ತೀರಿ?’

‘ಅದೂ ಸುಳ್ಳಿರಬಹುದು ಅಂತೀನಿ, ಸಾರ್.’

ನನ್ನ ಬಾಯಿಂದ ಬಂದದ್ದು ನನಗೇ ಆಮೇಲೆ ಗೊತ್ತಾಯಿತು. ಸಾಹೇಬರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಕೆಟ್ಟ ಮನುಷ್ಯರಲ್ಲ ಅವರು. ‘ಆ ತಾಯಿನ ನೋಡಿದ್ದೀರಾ? ಎರಡು ಪಾಳಿ. ಮಗು ಕಿತ್ಕೊಂಡ್ರೆ ಏನಾಗ್ತಾಳೆ?’ ಅಂದರು.

ನನಗೆ ಗೊತ್ತಿಲ್ಲ. ಅಕ್ಕಾ, ನಿಜವಾಗಿಯೂ ಗೊತ್ತಿಲ್ಲ. ಆಗ ಕಣ್ಣ ಮುಂದೆ ಬಂದದ್ದು ಆ ಬಿಳುಚಿದ ಬೆರಳುಗಳು.

ಮಾರ್ಚ್ ೧೨, ಮಂಗಳವಾರ

ಸಾಹೇಬರು ಹೇಳಿದ ಮಾತು ತಲೆಯಲ್ಲಿ ಕೊರೆಯುತ್ತಿತ್ತು. ಊಟದ ಬಿಡುವಿನಲ್ಲಿ ಕಪಾಟಿನ ಹಳೆಯ ಪುಸ್ತಕಗಳನ್ನು ಇಳಿಸಿದೆ. ಮೆಟ್ಟಿಲು, ಸೈಕಲ್ಲು, ಮೆಟ್ಟಿಲು, ಗೋಡೆ, ಉಯ್ಯಾಲೆ, ಮೆಟ್ಟಿಲು. ಇಷ್ಟು ಮೆಟ್ಟಿಲು ಈ ಊರಲ್ಲಿ ಎಲ್ಲಿದೆ? ಎಲ್ಲವೂ ಸುಳ್ಳಲ್ಲ. ಮಕ್ಕಳು ಬೀಳುತ್ತವೆ, ಬಿದ್ದೇ ಬೀಳುತ್ತವೆ. ಯಾವುದು ಮಗುವಿನ ಮಾತು, ಯಾವುದು ನನ್ನದು ಅನ್ನುವುದಕ್ಕೆ ನನ್ನ ಬಳಿ ಗುರುತಿಲ್ಲ, ಅದೇ ಕಷ್ಟ. ಎಲ್ಲವೂ ಒಂದೇ ದುಂಡಕ್ಷರ.

ಇಪ್ಪತ್ತೆರಡು ವರ್ಷ ಹಿಂದಿನ ಪುಸ್ತಕದಲ್ಲಿ ನನ್ನ ಮಗಳ ಹೆಸರಿತ್ತು. ವಯಸ್ಸು ಏಳು. ಎಡಗೈ ಕಿರುಬೆರಳು. ಹೇಗಾಯಿತು: ಬಾಗಿಲಿಗೆ ಸಿಕ್ಕಿ.

ಆ ದಿನ ನೆನಪಿದೆ. ಅವಳಮ್ಮ ಅಡುಗೆಮನೆಯಿಂದ ಹೊರಗೆ ಬರಲಿಲ್ಲ. ಸೌಟು ನೆಲದ ಮೇಲೆ ಬಿದ್ದಿತ್ತು. ನಾನು ಕೂಸನ್ನು ಸೈಕಲ್ಲಿನ ಮುಂದೆ ಕೂರಿಸಿಕೊಂಡು ಆಸ್ಪತ್ರೆಗೆ ಬರುತ್ತ ದಾರಿಯುದ್ದಕ್ಕೂ ಬಾಗಿಲನ್ನು ಬೈದೆ. ಕೆಟ್ಟ ಬಾಗಿಲು, ಹಲ್ಲಿರೋ ಬಾಗಿಲು, ಸಂಜೆ ಬಂದು ಅದರ ಹಲ್ಲು ಕಿತ್ತು ಹಾಕ್ತೀನಿ ಅಂತ.

ಪುಸ್ತಕವನ್ನು ಮತ್ತೆ ಕಪಾಟಿಗಿಟ್ಟೆ. ಮಧ್ಯಾಹ್ನ ಬಂದ ಮೊದಲ ಮಗುವಿಗೆ ಕಟ್ಟು ಹಾಕುವಾಗ ಎರಡು ಸಲ ಬಿಚ್ಚಿ ಸುತ್ತಬೇಕಾಯಿತು.

ಮಾರ್ಚ್ ೧೩, ಬುಧವಾರ

ಮಗಳು ಕೆಲಸದಿಂದ ಬಂದು ಚಹಾ ಕುಡಿಯುತ್ತಿದ್ದಳು. ಆ ಕಿರುಬೆರಳು ಲೋಟದಿಂದ ಹೊರಗೇ ನಿಲ್ಲುತ್ತದೆ, ಪೂರ್ತಿ ಮಡಚುವುದಿಲ್ಲ. ಆ ಕಟ್ಟು ನಾನೇ ಹಾಕಿದ್ದು, ಚೆನ್ನಾಗಿ ಕೂಡಲಿಲ್ಲ.

‘ಆ ಬೆರಳು ಹೇಗಾಯ್ತು?’ ಅಂದೆ.

ಲೋಟದ ಮೇಲಿಂದ ನನ್ನನ್ನು ನೋಡಿದಳು. ‘ನಿಂಗೆ ಗೊತ್ತಿಲ್ವಾ?’

‘ನೀನು ಹೇಳು.’

‘ಅಮ್ಮ ಸೌಟಲ್ಲಿ ಹೊಡೆದಿದ್ದು. ಹಾಲು ಉಕ್ಕಿಸಿಬಿಟ್ಟಿದ್ದೆ.’ ಲೋಟ ಕೆಳಗಿಟ್ಟಳು. ‘ನಿಂಗೆ ಗೊತ್ತು ಅಂದ್ಕೊಂಡಿದ್ದೆ ಅಪ್ಪಾ. ಗೊತ್ತಿದ್ದೂ ಬಾಗಿಲು ಅಂತ ಹೇಳ್ತಿದ್ದೀಯ, ಹಾಗಾದ್ರೆ ಬಾಗಿಲು ಅಂತಾನೇ ಹೇಳ್ಬೇಕು ಅಂತ ತಿಳ್ಕೊಂಡೆ. ಆಮೇಲೆ ಎಲ್ಲ ಸಲಾನೂ ನಾನೇ ಏನಾದ್ರೂ ಹೇಳ್ತಿದ್ದೆ. ನೀನೇನೂ ಕಷ್ಟಪಡ್ಬೇಕಾಗಿರಲಿಲ್ಲ.’

ಎಲ್ಲ ಸಲ ಅಂದರೆ ಎಷ್ಟು ಸಲ ಅಂತ ಬಾಯಿಗೆ ಬಂತು. ಅವಳಮ್ಮನಿಗೆ ಆಗ ಮೈ ಹುಷಾರಿರಲಿಲ್ಲ, ಎರಡು ಕೂಸು ಕಳಕೊಂಡಿದ್ದಳು, ಅಂತಲೂ ಬಂತು. ಎರಡನ್ನೂ ಹೇಳಲಿಲ್ಲ. ಚಹಾ ಆರಿತು. ಅವಳು ಮಾತಾಡುತ್ತ ಹೋದಳು. ಕೆಲವನ್ನು ನಾನು ಕಂಡಿದ್ದೆ, ಕೆಲವನ್ನು ಕಂಡಿರಲಿಲ್ಲ. ಇಲ್ಲಿ ಬರೆಯುವುದಿಲ್ಲ, ಅವು ಅವಳವು.

ಎದ್ದು ಹೋಗುವಾಗ, ‘ಇದೇನು, ಇವತ್ತು ನಡುವೆ ಬಾಯಿ ಹಾಕಲೇ ಇಲ್ಲ ನೀನು’ ಅಂದಳು.

ಸುಸ್ತು ಅಂದೆ.

ಮಾರ್ಚ್ ೧೪, ಗುರುವಾರ

ಸಮಿತಿಯವರು ಮೂರು ಜನ, ಉದ್ದ ಮೇಜಿನ ಆಚೆ. ಅಧ್ಯಕ್ಷರು ಹಿಂದೆ ಶಾಲೆಯ ಮೇಷ್ಟ್ರಾಗಿದ್ದವರಂತೆ, ಪುಸ್ತಕದ ಪುಟವನ್ನು ತಪ್ಪು ಹುಡುಕುವವರ ಹಾಗೇ ಹಿಡಿದಿದ್ದರು. ಈ ಕಡೆ ತಾಯಿ, ತಾಯಿಯ ಅಕ್ಕ, ಡಾಕ್ಟ್ರಮ್ಮ, ಮಕ್ಕಳ ಕಚೇರಿಯಾಕೆ. ಮಗು ಇರಲಿಲ್ಲ, ಒಳ್ಳೆಯದೇ ಆಯಿತು.

‘ಇದು ನಿಮ್ಮ ಬರಹವೇ?’

‘ಹೌದು ಸಾರ್.’

‘ಮಗು ಹೇಳಿದ್ದನ್ನೇ ಬರೆದದ್ದು?’

‘ನಾನು ಹೇಳಿದ್ದಕ್ಕೆ ಮಗು ತಲೆಯಾಡಿಸ್ತು. ಅದನ್ನ ಬರೆದೆ.’

‘ನೀವು ಯಾಕೆ ಹೇಳಿದಿರಿ?’

‘ಅಳಬಾರದು ಅಂತ.’

ಮೇಷ್ಟ್ರು ಮತ್ತೊಂದು ಪುಟ ತಿರುವಿದರು. ‘ಇದೊಂದೇ ಹೀಗೋ?’

‘ಇಲ್ಲ ಸಾರ್. ಮಕ್ಕಳದ್ದು ಮುಕ್ಕಾಲು ಪಾಲು ಹೀಗೇ. ನನ್ನ ಮಗಳದ್ದೂ ಹೀಗೇ ಬರೆದಿದ್ದೀನಿ.’

ಕೊನೆಯಲ್ಲಿ ಕೂತಿದ್ದ ಹೆಂಗಸು ಬರೆಯುವುದನ್ನು ನಿಲ್ಲಿಸಿ ನನ್ನನ್ನು ನೋಡಿದಳು. ಆಮೇಲೆ ಡಾಕ್ಟ್ರಮ್ಮ ಎಕ್ಸ್‌ರೇ ತೋರಿಸಿದರು. ಮಂಗಳವಾರ ಮತ್ತೆ ಬಂದು ಕೂತಾಗ ಮಗು ಹೇಳಿದ್ದನ್ನು ಮಕ್ಕಳ ಕಚೇರಿಯಾಕೆ ಓದಿದಳು. ಓದುವಷ್ಟು ಹೊತ್ತೂ ತಾಯಿ ಮೇಜಿನ ಮರವನ್ನು ಉಗುರಿನಿಂದ ಗೀರುತ್ತಿದ್ದಳು. ‘ಮೆಟ್ಟಿಲಿಂದ ಬಿದ್ಲು’ ಅಂದಳು. ‘ಅವಳು ಬಿದ್ಲು. ನಾನು ಇನ್ನೇನು ಹೇಳ್ಲಿ, ಮೆಟ್ಟಿಲಿಂದ ಬಿದ್ಲು.’

ಮಗು ದೊಡ್ಡಮ್ಮನ ಮನೆಯಲ್ಲಿರಬೇಕು, ಸದ್ಯಕ್ಕೆ. ತಾಯಿ ಭಾನುವಾರ ಭಾನುವಾರ ಹೋಗಿ ನೋಡಬಹುದು, ದೊಡ್ಡಮ್ಮ ಜೊತೆಯಲ್ಲಿದ್ದರೆ ಮಾತ್ರ. ಪ್ರತಿ ಗುರುವಾರ ನಮ್ಮ ಆಸ್ಪತ್ರೆಯ ಮೂರನೇ ಮಹಡಿಯಲ್ಲಿ ಮಕ್ಕಳ ಕಚೇರಿಯಾಕೆ ಇಂಥ ತಾಯಿ ತಂದೆಯರ ಜೊತೆ ಕೂರುತ್ತಾಳಂತೆ, ಸಿಟ್ಟು ಬಂದಾಗ ಏನು ಮಾಡಬೇಕು, ಯಾರನ್ನು ಕರೆಯಬೇಕು ಅಂತ. ಆದರೆ ‘ನಾನು ಮಾಡಿದೆ’ ಅಂತ ಒಪ್ಪಿದವರಿಗೆ ಮಾತ್ರ ಅದು. ಇವಳು ಒಪ್ಪುವವರೆಗೆ ಮಗು ಮನೆಗೆ ಬರುವುದಿಲ್ಲ.

ಹೊರಗೆ ಮೆಟ್ಟಿಲಿಳಿಯುವಾಗ ತಾಯಿ ನನ್ನ ಪಕ್ಕಕ್ಕೆ ಬಂದು, ‘ನಿಮಗೇನು ಸಿಕ್ಕಿತು ಯಜಮಾನ್ರೇ?’ ಅಂದಳು. ಜೋರಾಗಿ ಕೂಡ ಅನ್ನಲಿಲ್ಲ.

ಮಾರ್ಚ್ ೨೫, ಸೋಮವಾರ

ಹತ್ತು ದಿನ ಬರೆಯಲಾಗಲಿಲ್ಲ. ದೊಡ್ಡ ಸಾಹೇಬರು ಎದುರು ಸಿಕ್ಕರೆ ಗೋಡೆ ನೋಡುತ್ತಾರೆ. ಪುಸ್ತಕ ಮೇಲಿನ ಕಚೇರಿಗೆ ಹೋಗಿದೆ. ಹೊಸ ಪುಸ್ತಕ ಕೊಟ್ಟಿದ್ದಾರೆ, ಅದರಲ್ಲಿ ‘ಯಾರು ಹೇಳಿದರು’ ಅಂತ ಇನ್ನೊಂದು ಕಾಲಂ ಇದೆ. ಡಾಕ್ಟ್ರಮ್ಮನ ಕೆಲಸ.

ಕಟ್ಟಿನ ಕೋಣೆಯ ನರ್ಸಮ್ಮ ಸಂಜೆ ಕೇಳಿದಳು, ‘ಏನ್ರೀ ಯಜಮಾನ್ರೇ, ಹಲ್ಲುನೋವಾ?’

‘ಯಾಕೆ?’

‘ಬಾಯಿಗೆ ಬೀಗ ಜಡ್ಕೊಂಡಿದ್ದೀರಿ. ಕೋಣೆ ಬಿಕೋ ಅನ್ನುತ್ತೆ. ಮಕ್ಕಳು ಮೊದಲಿಗಿಂತ ಹೆಚ್ಚು ಅಳ್ತಾವೆ.’

ನಿಜ, ಅಳುತ್ತವೆ. ಕಟ್ಟಿಗೆ ಈಗ ಹೊತ್ತು ಹಿಡಿಯುತ್ತದೆ. ಇವತ್ತು ಒಂದು ಹೆಣ್ಣುಮಗು ಅತ್ತು ಮುಗಿಸಿ, ಮೂಗು ಒರೆಸಿಕೊಂಡು, ನೆರೆಮನೆಯ ನಾಯಿ, ಅದರ ಚೆಂಡು, ಅದರ ಹಿಂದೆ ತಾನು ಹಾರಿದ ಚರಂಡಿ ಎಲ್ಲವನ್ನೂ ಹೇಳಿತು. ಕೊನೆ ಮೊದಲಿಲ್ಲದ ಕಥೆ. ‘ಯಾರು ಹೇಳಿದರು’ ಅನ್ನುವಲ್ಲಿ ಅದರ ಹೆಸರು ಬರೆದೆ. ಸುತ್ತಿದ ಪಟ್ಟಿ ಅಷ್ಟು ನಯವಾಗಿ ಬರಲಿಲ್ಲ. ಕೈಯೂ ಹಳೆಯದಾಯಿತು.

ಏಪ್ರಿಲ್ ೯, ಮಂಗಳವಾರ

ಎಣಿಕೆ ಮರಿಯ ಕಟ್ಟು ಬಿಚ್ಚಿದೆ. ದೊಡ್ಡಮ್ಮ ಕರೆತಂದಿದ್ದಳು, ಗಟ್ಟಿ ಹೆಂಗಸು, ಬಾಯಿ ಜೋರು. ಕಟ್ಟು ಕೊಯ್ಯುವ ಗರಗಸದ ಸದ್ದಿಗೆ ಹೆದರಿ ತಾನೇ ಕಿವಿ ಮುಚ್ಚಿಕೊಂಡಳು, ಮಗು ಅವಳನ್ನು ನೋಡಿ ನಕ್ಕಿತು. ಎಲುಬು ನೆಟ್ಟಗೆ ಕೂಡಿದೆ. ತೋಳು ಸಣಕಲಾಗಿದೆ, ಚರ್ಮ ಹೊಟ್ಟೇಳುತ್ತದೆ, ಅದೆಲ್ಲ ಸರಿಹೋಗುತ್ತದೆ.

‘ರಾತ್ರಿ ಎದ್ದು ಅಮ್ಮ ಬೇಕು ಅಂತಾಳೆ’ ಅಂದಳು ದೊಡ್ಡಮ್ಮ, ಮಗುವನ್ನು ಹೊರಗಿನ ಬೆಂಚಿಗೆ ಕಳಿಸಿ. ‘ನಮ್ಮ ತಂಗಿಗೆ ಎಷ್ಟು ಹೇಳಿದ್ರೂ ಅದೇ ರಾಗ, ಮೆಟ್ಟಿಲು, ಮೆಟ್ಟಿಲು. ನಾನೂ ಬೈದೆ. ಭಾನುವಾರ ಬರೋದನ್ನೂ ನಿಲ್ಲಿಸಿದ್ದಾಳೆ. ಮೂರು ಮಕ್ಕಳು ನಂಗೂ ಇದಾವೆ ಅಣ್ಣಾ, ಎಷ್ಟು ದಿನ ಇಟ್ಕೊಳ್ಲಿ? ಇಟ್ಕೊಳ್ದೆ ಏನು ಮಾಡ್ಲಿ?’

ಮಗುವಿಗೆ ಹಚ್ಚಲು ಎಣ್ಣೆ ಕೊಟ್ಟು ಕಳಿಸಿದೆ.

ಸತ್ಯ ಹೇಳಿದರೆ ಭಾರ ಇಳಿಯುತ್ತದೆ ಅನ್ನುತ್ತಾರೆ. ನನಗೆ ಎಲ್ಲಿ ಇಳಿದಿದೆ? ತೊಗಟೆಯಂತೆ ಅಂಟಿಕೊಂಡಿದೆ.

ಏಪ್ರಿಲ್ ೧೮, ಗುರುವಾರ

ಮಧ್ಯಾಹ್ನ ಊಟದ ಹೊತ್ತು, ಕೋಣೆ ಖಾಲಿ. ತಾಯಿ ಬಂದಳು. ಮಗುವಿನ ತಾಯಿ. ನನ್ನನ್ನು ಬೈಯಲು ಬಂದಿದ್ದಾಳೆ ಅಂದುಕೊಂಡು ಎದ್ದು ನಿಂತೆ. ‘ಕೈ ನೋಯ್ತಿದೆ’ ಅಂದು ಬಲಗೈ ಚಾಚಿದಳು.

ಮಣಿಕಟ್ಟು ಹಿಡಿದು ನೋಡಿದೆ, ಮುರಿದಿಲ್ಲ, ಊತವೂ ಇಲ್ಲ. ಬಟ್ಟೆ ಹಿಂಡುವ ಕೆಲಸ, ಉಳುಕಿರಬೇಕು. ಹಾಗಂತ ಅನ್ನಬಹುದಿತ್ತು, ಅವಳು ಹೂಂ ಅನ್ನುತ್ತಿದ್ದಳು. ಬೆಳಿಗ್ಗೆಯಿಂದ ಏಳು ಕಟ್ಟಾಗಿತ್ತು, ಮಾತಾಡುವ ತ್ರಾಣ ಇರಲಿಲ್ಲ. ಬಟ್ಟೆಯ ಪಟ್ಟಿ ತೆಗೆದು ಸುಮ್ಮನೆ ಸುತ್ತತೊಡಗಿದೆ. ಸುತ್ತಿ ಮುಗಿಯಿತು. ಅವಳು ಏಳಲಿಲ್ಲ. ನಾನೂ ಕೂತೆ.

ಬಾಗಿಲಲ್ಲಿ ಒಬ್ಬರು ಇಣುಕಿ ಹೋದರು.

‘ಇದೇ ಕೈ’ ಅಂದಳು.

ಆಮೇಲೆ ಒಂದೊಂದಾಗಿ ಬಂತು. ‘ಎರಡು ಪಾಳಿ ಮುಗಿಸಿ ಬಂದಿದ್ದೆ. ಮಲಗೋಕೆ ಟೈಮಿಲ್ಲ, ಅವಳನ್ನ ಶಾಲೆಗೆ ಬಿಟ್ಟು ಮತ್ತೆ ಹೋಗ್ಬೇಕು. ಒಂದು ಬೂಟು ಸಿಗಲಿಲ್ಲ. ಒಂದೇ ಒಂದು ಬೂಟು ಯಜಮಾನ್ರೇ! ಎಲ್ಲಿಟ್ಟೆ ಅಂದ್ರೆ ಗೊತ್ತಿಲ್ಲ ಅಂತಾಳೆ. ಎಳೆದೆ. ಎಣಿಸೋಕೆ ಶುರು ಮಾಡಿದ್ಲು. ಆ ಎಣಿಕೆ ಕೇಳಿದ್ರೆ ನಂಗೆ... ನಾನೇನು ರಾಕ್ಷಸಿನಾ, ನನ್ನ ಮುಂದೆ ಎಣಿಸ್ತಾಳಲ್ಲ ಅಂತ. ತಿರುಚಿಬಿಟ್ಟೆ. ಸದ್ದು ಬಂತು. ಆ ಸದ್ದು ಕೇಳಿದ ಮೇಲೂ ಒಂದು ಗಳಿಗೆ ಬಿಡಲಿಲ್ಲ ನಾನು. ಅದನ್ನ ಯಾರಿಗೂ ಹೇಳಿಲ್ಲ.’

ನನ್ನ ಕಡೆ ನೋಡಿದಳು. ‘ನೀವೇನಾದ್ರೂ ಅನ್ನಿ.’

ಏನು ಅನ್ನಲಿ. ಸುಸ್ತಾಗಿತ್ತು ಅಂತ ಅವಳ ಪರವಾಗಿ ನಾನೇ ಹೇಳಿಬಿಡಬಹುದು. ನನ್ನ ಹೆಂಡತಿಯ ವಿಷಯದಲ್ಲೂ ಅದನ್ನೇ ಹೇಳಿ ಹೇಳಿ ಮುಚ್ಚಿದ್ದೆ. ಪಾಪಿ ಅನ್ನಲೂಬಹುದು. ‘ಮುಗೀತಾ, ಇನ್ನೂ ಇದೆಯಾ?’ ಅಂದೆ.

‘ಇದೆ’ ಅಂದಳು.

ಹೇಳಿ ಮುಗಿಸುವಷ್ಟರಲ್ಲಿ ಹೊರಗೆ ಜನ ಕೂಡಿ ಗೊಣಗಾಟ ಶುರುವಾಗಿತ್ತು. ಮುಖ ತೊಳೆದುಕೊಂಡು, ‘ಗುರುವಾರ ಆ ಕಚೇರಿಯಮ್ಮ ಇಲ್ಲೇ ಎಲ್ಲೋ ಕೂರ್ತಾಳಂತಲ್ಲ, ಎಲ್ಲಿ?’ ಅಂತ ಕೇಳಿದಳು. ಲಿಫ್ಟು ಕೆಟ್ಟಿತ್ತು. ಮೂರು ಮಹಡಿ ಹತ್ತಿಸಿಕೊಂಡು ಹೋದೆ. ಎರಡನೆಯದರಲ್ಲಿ ನಿಂತು ಉಸಿರು ತೆಗೆದುಕೊಳ್ಳಬೇಕಾಯಿತು, ನಾನು. ಅವಳು ಕಾದಳು. ಬಾಗಿಲ ಮುಂದೆ ಅವಳ ಕಾಲು ನಿಂತುಬಿಟ್ಟಿತು. ತಟ್ಟಿದ್ದು ನಾನಲ್ಲ, ಅವಳೇ. ಪಟ್ಟಿ ಸುತ್ತಿದ ಕೈಯಲ್ಲೇ.

ಬೆಂಚಿನ ಮೇಲೆ ಕೂತೆ. ಒಂದೂವರೆ ಗಂಟೆ. ಕೆಳಗೆ ಐದು ಜನ ಕಟ್ಟಿಗೆ ಕಾಯುತ್ತಿದ್ದಾರೆ ಅಂತ ನರ್ಸಮ್ಮ ಹತ್ತಿ ಬಂದು ಬೈದು ಹೋದಳು. ಏಳಬೇಕು ಅಂದುಕೊಂಡೇ ಕೂತಿದ್ದೆ. ಊಟದ ಮೇಲೆ ಆ ಐದೇ ಕಟ್ಟು ಇವತ್ತು, ಮೂವತ್ತೊಂದು ವರ್ಷದಲ್ಲಿ ಇಷ್ಟು ಮೈಗಳ್ಳತನ ಮಾಡಿದ್ದಿಲ್ಲ. ಮಧ್ಯಾಹ್ನ ಪೂರ್ತಿ ಒಂದು ಉಪಯೋಗದ ಮಾತೂ ಆಡಲಿಲ್ಲ. ವಯಸ್ಸಾಯಿತು.

ಅವಳು ಹೊರಗೆ ಬಂದಾಗ ಕಣ್ಣು ಬಾತಿತ್ತು. ಮಕ್ಕಳ ಕಚೇರಿಯಾಕೆ ಹಿಂದಿನಿಂದ ನನ್ನ ಕಡೆ ತಲೆಯಾಡಿಸಿ ಬಾಗಿಲು ಮುಂದೆ ಮಾಡಿದಳು.

‘ಹನ್ನೆರಡು ವಾರ ಬರ್ಬೇಕಂತೆ’ ಅಂದಳು ತಾಯಿ. ‘ಆಮೇಲೆ ನೋಡೋಣ ಅಂದ್ರು. ಕೊಡ್ತೀವಿ ಅನ್ನಲಿಲ್ಲ. ನೋಡೋಣ ಅಂದ್ರು.’ ಎರಡು ಮೆಟ್ಟಿಲು ಇಳಿದು ತಿರುಗಿದಳು. ‘ಮುಂದಿನ ಗುರುವಾರ ಇಲ್ಲಿ ಕೂತಿರ್ತೀರಾ?’

ಕೂತಿರ್ತೀನಿ ಅಂದೆ.

ಗುರುವಾರ ಕಟ್ಟು ಜಾಸ್ತಿ. ನರ್ಸಮ್ಮ ಬೈಯುತ್ತಾಳೆ. ಬೈಯಲಿ.